ಹತ್ತನೆಯ ಗೀಟು

ಹೊರಸು ಎತ್ತಿದ ಮೇಲೆ ಮುಂದಿನ ಇಬ್ಬರು ಊರ ಕಡೆ ತಿರುಗಿದರು, ಹಿಂದಿನ ಇಬ್ಬರು ಮಣ್ಣು ಮಾಡುವ ಜಾಗದ ಕಡೆ ತಿರುಗಿದರು. ಕಾಲುವೆಯ ಏರಿ ಅಷ್ಟು ಅಗಲ ಇರಲಿಲ್ಲ. ಹೊರಸು ಗಾಣದ ಹಾಗೆ ಅರ್ಧ ಸುತ್ತು ಸುತ್ತಿತು. ಅದರ ಮೇಲೆ ಕಂಬಳಿ ಸುತ್ತಿ ಮಲಗಿಸಿದ್ದ ಜಕ್ಕಪ್ಪನ ಎಡಗೈ ಹೊರಗೆ ಜಾರಿ ಜೋತಾಡಿತು.

"ಲೇ, ಎತ್ತಾಗ ಹೊಂಟೀರಿ?" ಹಿಂದೆ ಹಿಡಿದಿದ್ದ ಗುರಪ್ಪ ಕೂಗಿದ.

"ಮನಿಗೆ." ಮುಂದಿದ್ದ ಕಾಡಸಿದ್ದ ತಿರುಗಿ ನೋಡದೆ ಹೇಳಿದ. ಅವನು ಸತ್ತವನ ಮಗ.

"ಮನಿಗೆ ಅಂತ ಯಾರ ಹೇಳ್ಯಾರ? ನಿಮ್ಮ ದೊಡ್ಡಪ್ಪ ನೆಟ್ಟಗ ಮಣ್ಣಿಗೆ ಅಂತ ಹೇಳಿ ಕಳಿಸ್ಯಾನ. ಇಳಸ್ರಿ ಮೊದಲ. ಹೆಣಾ ಇಟಕೊಂಡು ಜಗ್ಯಾಡಬಾರದು."

ಇಳಿಸಿದರು. ನಾಲ್ವರೂ ಸೊಂಟದ ಮೇಲೆ ಕೈಯಿಟ್ಟು, ತಪ್ಪು ಯಾರದೆಂದು ತಿಳಿಯದೆ, ಒಬ್ಬರ ಮುಖ ಒಬ್ಬರು ನೋಡಿದರು.

ಬೆಳಿಗ್ಗೆ ಹೊಲಕ್ಕೆ ನೀರು ಬಿಡಲು ಹೊರಟಿದ್ದ ಗುರಪ್ಪನೇ ಮೊದಲು ನೋಡಿದ್ದು. ಜಕ್ಕಪ್ಪ ತನ್ನ ಕುರಿದಡ್ಡಿಗೂ ಊರಿಗೂ ಸರಿಯಾಗಿ ನಡುವೆ, ಊರ ಕಡೆ ತಲೆ ಮಾಡಿ, ಬೋರಲು ಬಿದ್ದಿದ್ದ. ಹೆಗಲ ಮೇಲೆ ಕಂಬಳಿ ಇತ್ತು. ಕೈಯಲ್ಲಿ ಕೋಲು ಇರಲಿಲ್ಲ. ಮೂರೂವರೆ ವರ್ಷದಿಂದ ಅವನು ದಡ್ಡಿ ಬಿಟ್ಟು ಊರ ಕಡೆ ಅಷ್ಟು ದೂರ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಎತ್ತುವಾಗಲೂ ಯಾರೂ ಮೈ ಮುಟ್ಟಲಿಲ್ಲ. ಕೋಲಿನಿಂದ ಕಂಬಳಿಗೆ ಹೊರಳಿಸಿ, ಅದರ ನಾಲ್ಕು ಮೂಲೆ ಹಿಡಿದು ಹೊರಸಿನ ಮೇಲೆ ಹಾಕಿದರು. ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಅಭ್ಯಾಸವಾಗಿತ್ತು.

ತಾರವ್ವ ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಜೋತುಬಿದ್ದ ಗಂಡನ ಕೈಯನ್ನು ಒಳಗೆ ಸೇರಿಸಲು ಕೈ ಚಾಚಿದವಳು ಒಂದು ಗೇಣು ದೂರದಲ್ಲಿ ನಿಲ್ಲಿಸಿದಳು. ಆಮೇಲೆ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕೈಯ ಮೇಲೆ ಎಳೆದಳು. ಮುಟ್ಟಿದರೆ ಈಗ ಏನಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಮಲಕಾರಿ ಬಂದ. ಜಕ್ಕಪ್ಪನ ಅಣ್ಣ, ಹಾಲುಮತದವರಿಗೆಲ್ಲ ಹಿರಿಯ. ಮೊಣಕಾಲು ನೋವಿನಿಂದ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಸೊಂಟದಲ್ಲಿ ಭಂಡಾರದ, ಎಂದರೆ ದೇವರ ಅರಿಶಿನಪುಡಿಯ, ಚೀಲ ಇತ್ತು. ತಮ್ಮನ ಮುಖ ನೋಡಿದ, ಒಂದು ಚಿಟಿಕೆ ಭಂಡಾರ ಮೇಲಿನಿಂದ ಉದುರಿಸಿದ, ಮೂಗು ಒರೆಸಿಕೊಂಡ.

"ಯಾಕ ನಿಂತೀರಿ? ನಡೀರಿ ಮಣ್ಣಿಗೆ."

"ಭಾವಾರ," ಎಂದಳು ತಾರವ್ವ, "ಮನಿಗೆ ಒಯ್ಯೂನ್ರಿ. ಬಾಗಲದಾಗ ಕೂಡಸಿ ನಾಲ್ಕ ಕೊಡಾ ನೀರ ಹಾಕತೀನಿ. ಆಮ್ಯಾಲ ಒಯ್ರಿ."

"ತಾರವ್ವಾ, ನನಗೇನ ಬ್ಯಾಡಾಗೇತೇನ? ಅಂವ ನನ್ನ ಕೈಯಾಗಿನ ಭಂಡಾರ ಮುಟ್ಟಿ ಆಣಿ ಮಾಡ್ಯಾನ. ಹತ್ತ ದಿನಾ ತುಂಬೂತನಾ ಹೊಸ್ತಿಲಾ ತುಳ್ಯಾಂಗಿಲ್ಲ ಅಂತ. ಜೀವ ಇರೂತನಾ ಅಂವ ನಡಸಿದ. ಈಗ ನಾವು ಮುರದ್ರ ಹ್ಯಾಂಗ?"

"ಮೂರೂವರಿ ವರ್ಷಾ ಆತಲ್ರಿ!"

"ವರ್ಷಾ ಯಾರ ಕೇಳ್ಯಾರ? ಹತ್ತ ದಿನಾ ಅಂದಾನ. ಹತ್ತ ಆಗ್ಯಾವೇನ?"

ಮಲಕಾರಿ ಹೇಳಿದ್ದು ಸರಿಯಾಗಿಯೇ ಕೇಳಿಸುತ್ತಿತ್ತು. ಎಲ್ಲೋ ಏನೋ ತಪ್ಪಿದೆ ಎಂದೂ ಅನಿಸುತ್ತಿತ್ತು. ಗುರಪ್ಪ ತಲೆ ಕೆರೆದುಕೊಂಡ.

\*

ಮೂರೂವರೆ ವರ್ಷದ ಹಿಂದೆ, ಗಣಪತಿ ಹಬ್ಬ ಮುಗಿದ ಸ್ವಲ್ಪ ದಿನಕ್ಕೆ ರೇಡಿಯೋದಲ್ಲಿ ಸುರತದ ಸುದ್ದಿ ಬಂತು. ಪಿಲೇಗು ಬಿದ್ದಿದೆ, ಜನ ಊರು ಬಿಟ್ಟು ಓಡುತ್ತಿದ್ದಾರೆ ಎಂದರು. ನಿಪ್ಪಾಣಿ, ಚಿಕ್ಕೋಡಿ ಅಂಗಡಿಗಳಲ್ಲಿ ಅದರ ಗುಳಿಗೆ ಎರಡೇ ದಿನಕ್ಕೆ ಖಾಲಿಯಾಯಿತು. ಅಥಣಿ ಬಸ್ಸಿನಲ್ಲಿ ಒಬ್ಬ ಕೆಮ್ಮಿದರೆ ಉಳಿದವರು ಬಾಯಿಗೆ ಟಾವೆಲ್ಲು ಹಿಡಿದು ಕಿಟಕಿ ಕಡೆ ಸರಿಯುತ್ತಿದ್ದರು. ರೋಗ ಈ ಕಡೆ ಬರಲೇ ಇಲ್ಲ. ಅಂಜಿಕೆ ಮಾತ್ರ ಬಂತು.

ಜಕ್ಕಪ್ಪನ ಮನೆಗೆ ಆ ಅಂಜಿಕೆ ಹೊಸದಲ್ಲ. ಅವನ ಮುತ್ಯಾನ ಕಾಲದಲ್ಲಿ ಇಲಿ ಬಿದ್ದು ಇಡೀ ಊರು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಉಳಿದಿತ್ತು. ಒಂದೇ ಮನೆಯಲ್ಲಿ ಏಳು ಹೆಣ ಎತ್ತಿದ್ದರು. ಬದುಕಿ ಉಳಿದ ಎಂಟನೆಯವನು ಮುತ್ಯಾ. ಅವನು ಆ ಕತೆಯನ್ನು ಮೊಮ್ಮಕ್ಕಳಿಗೆ ಊಟದ ಹೊತ್ತಿನಲ್ಲೇ ಹೇಳುತ್ತಿದ್ದ.

ಕಾಡಸಿದ್ದ ಸುರತದ ಒಂದು ಅರಿವೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿರಜಿಯ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಐನಾಪುರದ ಟೆಂಪೋ ಹಿಡಿದು, ಒಂದು ಮಧ್ಯಾಹ್ನ ಊರ ಮುಂದಿನ ಬೇವಿನ ಗಿಡದ ಕೆಳಗೆ ಟ್ರಂಕು ಇಟ್ಟುಕೊಂಡು ನಿಂತ. ಒಳಗೆ ಬರಲು ಅವನಿಗೇ ಧೈರ್ಯ ಆಗಲಿಲ್ಲ. ಹತ್ತಿರ ಹೋಗಲು ಊರಿಗೆ ಧೈರ್ಯ ಆಗಲಿಲ್ಲ.

ಜಕ್ಕಪ್ಪ ಹೋದ. ಐವತ್ತು ವರ್ಷ ಕುರಿಗಳ ನಡುವೆ ಬದುಕಿದ ಮನುಷ್ಯ. ಹಿಂಡಿಗೆ ರೋಗ ಬಂದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಂಶಯ ಬಂದ ಕುರಿಯನ್ನು ಬ್ಯಾರೆ ಹಾಕಬೇಕು. ಹತ್ತು ದಿನ ನೋಡಬೇಕು. ಬಾಯಿ, ಗೊರಸು, ಕಿವಿಯ ಬುಡ ತಡವಿ, ಸರಿ ಇದ್ದರೆ ತಂದು ಹಿಂಡಿಗೆ ಬಿಡಬೇಕು.

"ಹತ್ತ ದಿನಾ ದಡ್ಡಿ ಗುಡಸಲದಾಗ ಇರು," ಎಂದ ಮಗನಿಗೆ. "ಬುತ್ತಿ ನಾ ತರತೀನಿ. ಅಳಬ್ಯಾಡ. ಕುರಿ ಅಳತಾವೇನ?"

ಇಡೀ ಊರು ಜಕ್ಕಪ್ಪನನ್ನು ಹೊಗಳಿತು.

ನಾಲ್ಕನೆಯ ದಿನ ಸಂಜೆ ಹುಡುಗನಿಗೆ ಚಳಿಜ್ವರ ಬಂತು. ದೂರ ಕುಳಿತಿದ್ದ ಜಕ್ಕಪ್ಪ, ಅವನು ನೀರು ನೀರು ಎಂದು ಬೇಡುವುದನ್ನು ಒಂದು ತಾಸು ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಂಬಿಗೆಯಿಂದ ನೀರು ಕುಡಿಸಿದ. ಮರುದಿನ ಆರೋಗ್ಯ ಖಾತೆಯವನು ಬಂದು ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡ. ಮಲೇರಿಯಾ ಎಂದು ಗುಳಿಗೆ ಕೊಟ್ಟ. ಜ್ವರ ಬಿಟ್ಟಿತು. ಹತ್ತನೆಯ ದಿನ ಜಕ್ಕಪ್ಪ ಮಗನ ಬಾಯಿ ತೆರೆಸಿ ನೋಡಿದ, ಬಗಲು ತಡವಿದ, "ನಡಿ" ಎಂದ. ಅವತ್ತು ಮನೆಯಲ್ಲಿ ಶಾವಿಗೆ ಬೇಯಿಸಿದರು.

ಅದೇ ಸಂಜೆ ಗುಡಿಯ ಕಟ್ಟೆಯ ಮೇಲೆ ಮಲಕಾರಿ ಒಂದು ಮಾತು ಆಡಿದ. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. "ಹುಡುಗ ಏನೋ ಪಾರಾದ. ಆದ್ರ ಜಕ್ಕ್ಯಾ, ಜ್ವರದಾಗ ಅವನ್ನ ತೊಡಿ ಮ್ಯಾಲ ಹಾಕ್ಕೊಂಡಿದ್ದಿ. ನೀನೂ ಹತ್ತ ದಿನಾ ಇದ್ದು ಬಿಡು. ಊರ ಬಾಯಿ ಮುಚ್ಚತೈತಿ."

"ಹೌದಲ್ಲ," ಎಂದ ಜಕ್ಕಪ್ಪ. ತನಗೆ ಅದು ಹೊಳೆಯಲಿಲ್ಲವಲ್ಲ ಎಂದು ನಾಚಿದವನ ಹಾಗೆ ಭಂಡಾರ ಮುಟ್ಟಿದ.

ಹತ್ತು ದಿನದ ಮಾತೆಂದು ತಾರವ್ವ ಒಂದೇ ಧೋತರ ಕಟ್ಟಿಕೊಟ್ಟಳು.

ಎಂಟನೆಯ ದಿನ ದಡ್ಡಿಯಲ್ಲಿ ಒಂದು ಮರಿ ಸತ್ತಿತು. ಹೊಟ್ಟೆ ಉಬ್ಬರಿಸಿ ಸತ್ತದ್ದು. ಅಂಥವು ವರ್ಷಕ್ಕೆ ನಾಲ್ಕು ಸಾಯುತ್ತವೆ. ಜಕ್ಕಪ್ಪ ದೂರದಿಂದಲೇ ಕೂಗಿ ಹೇಳಿದ: "ಮತ್ತ ಒಂದರಿಂದ."

\*

ಹೊತ್ತು ಏರಿತು. ಸುದ್ದಿ ಕೇಳಿ ಹೆಂಗಸರು ಬಂದರು. ಹೊರಸಿನಿಂದ ಹತ್ತು ಮಾರು ದೂರ ಕುಳಿತು ಸೆರಗು ಬಾಯಿಗೆ ಹಿಡಿದು ಅತ್ತರು. ಅಷ್ಟು ದೂರದಿಂದ ಅತ್ತರೆ ಅದು ಬೇರೆ ಯಾರಿಗಾಗಿಯೋ ಅತ್ತಂತೆ ಕೇಳುತ್ತಿತ್ತು.

"ನೀರ ಯಾರ ಹಾಕವ್ರು?" ನೆರೆಮನೆಯ ಸಕ್ಕುಬಾಯಿ ಪಿಸುಗುಟ್ಟಿದಳು. ಅವಳ ಪಿಸುಮಾತು ಕಾಲುವೆಯ ಆಚೆಗೂ ಕೇಳುತ್ತಿತ್ತು. "ಮುಟ್ಟಬಹುದೇನ? ಬ್ಯಾನಿ ಇತ್ತಂತ ಅಂವಗ."

"ಯಾವ ಬ್ಯಾನಿ ಬೇ?" ಎಂದ ಗುರಪ್ಪ. "ಪಿಲೇಗ ಮೂರ ವರ್ಷಾ ಮಯ್ಯಾಗ ಕೂತ ಬೀಡಿ ಸೇದತೈತೇನ?"

"ಹಂಗಾರ ಹುಚ್ಚ ಹಿಡದಿತ್ತು."

"ಹುಚ್ಚ ಹಿಡದಾವ ಅರವತ್ತ ಕುರಿ ಒಂದೂ ತಪ್ಪಿಸದಂಗ ಹ್ಯಾಂಗ ಎಣಸತಿದ್ದ? ಕಾಗವಾಡದಿಂದ ಬರತಿದ್ರು ಅವನ್ನ ಔಷಧಾ ಕೇಳಾಕ. ದೂರ ನಿಂದ್ರಿಸಿ ಹೇಳಿದ್ರೂ ಬರೋಬ್ಬರಿ ಹೇಳತಿದ್ದ."

"ಬ್ಯಾನೀನೂ ಅಲ್ಲ, ಹುಚ್ಚೂ ಅಲ್ಲ. ಹಂಗಾರ ಏನದು?"

"ನನಗೇನ ಗೊತ್ತು! ನಾ ಏನ ಡಾಕ್ಟರನ?"

"ನೀ ಡಾಕ್ಟರ ಅಲ್ಲ ಅಂತ ನಿನ್ನ ಹೆಂಡತಿ ಸೈತ ಹೇಳ್ಯಾಳ ಬಿಡು," ಎಂದಳು ಸಕ್ಕುಬಾಯಿ. ಇಬ್ಬರು ಹೆಂಗಸರು ನಕ್ಕು, ಹೆಣದ ಮುಂದೆ ನಕ್ಕದ್ದಕ್ಕೆ ಮತ್ತೆ ಅತ್ತರು.

ಕಾಡಸಿದ್ದ ಹೊರಸಿನ ಹಗ್ಗ ಬಿಗಿ ಮಾಡತೊಡಗಿದ. ಅವನು ಡಾಕ್ಟರನ್ನು ಕೇಳಿ ಬಂದವನು. ಮೊದಲ ವರ್ಷವೇ ಮಿರಜಿಗೆ ಹೋಗಿದ್ದ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, "ಭೀತೀ ಬಸಲೀ ಆಹೆ," ಎಂದರು. ಅಂಜಿಕೆ ಒಳಗೆ ಕುಳಿತುಬಿಟ್ಟಿದೆ. ಈ ಒಂದು ವರ್ಷದಲ್ಲಿ ಇಂಥವರು ಬಹಳ ಬಂದಿದ್ದಾರೆ; ಒಬ್ಬಾಕೆ ದಿನಕ್ಕೆ ಮೂರು ಸಲ ಮನೆಯನ್ನೆಲ್ಲ ಫಿನೈಲಿನಿಂದ ತೊಳೆಯುತ್ತಾಳೆ, ಒಬ್ಬ ಮಾಸ್ತರರು ಸೀಮೆಸುಣ್ಣ ಮುಟ್ಟುವುದಿಲ್ಲ. ಗುಣ ಆಗುವಂಥದ್ದೇ. ಕರೆದುಕೊಂಡು ಬಾ ಎಂದರು. ಮುಟ್ಟಿಸಿಕೊಳ್ಳದವನನ್ನು ಬಸ್ಸಿನಲ್ಲಿ ಹೇಗೆ ಕರೆದುಕೊಂಡು ಹೋಗುವುದೆಂದು ಕೇಳಿದ್ದಕ್ಕೆ ಡಾಕ್ಟರು ಗುಳಿಗೆ ಕಟ್ಟಿಕೊಟ್ಟರು. ಆ ಗುಳಿಗೆಗಳನ್ನು ಕಾಡಸಿದ್ದ ದಡ್ಡಿಯ ಮುಂದಿನ ಕಲ್ಲಿನ ಮೇಲೆ ಇಟ್ಟು ಬಂದ. ಜಕ್ಕಪ್ಪ ಅವನ್ನು ಮುಟ್ಟಲಿಲ್ಲ. ಯಾರ ಯಾರ ಕೈ ದಾಟಿ ಬಂದಿದ್ದವೋ. ನಾಲ್ಕು ದಿನಕ್ಕೆ ಕೋಳಿ ಕುಕ್ಕಿದವು. ಕೋಳಿಗಳಿಗೆ ಏನೂ ಆಗಲಿಲ್ಲ.

ಸುರತಕ್ಕೆ ಅವನು ತಿರುಗಿ ಹೋಗಲೇ ಇಲ್ಲ. ಕುರಿ ಕಾಯಲೂ ಮನಸ್ಸಾಗಲಿಲ್ಲ. ಉಗಾರ ಬುದ್ರುಕದ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಸೇರಿಕೊಂಡ. "ಆ ದಿನಾ ನೀರ ಬೇಡಿದ್ದಿಲ್ಲಂದ್ರ" ಎಂದು ಕುಡಿದಾಗ ಶುರುಮಾಡಿ, ಮುಂದಿನ ಮಾತು ಸಿಗದೆ ಬಿಡುತ್ತಿದ್ದ.

"ಬಿಸಲ ಏರಾಕತ್ತೇತಿ," ಎಂದ ಮಲಕಾರಿ. "ಎತ್ತರಿ."

ತಾರವ್ವ ಎದ್ದು ನಿಂತಳು. ಗಂಡನ ಅಣ್ಣನ ಮುಂದೆ ಅವಳು ಎಂದೂ ತಲೆಯೆತ್ತಿ ಮಾತಾಡಿದವಳಲ್ಲ. ಈಗಲೂ ನೆಲ ನೋಡಿಕೊಂಡೇ ಕೇಳಿದಳು.

"ಭಾವಾರ, ಒಂದ ಮಾತ ಕೇಳತೀನಿ. ಬ್ಯಾರೆ ಹಾಕಿದ ಕುರಿ ತಾನ ಹಿಂಡಿಗೆ ಬರತೈತೇನ್ರಿ?"

"ತಾನ ಹ್ಯಾಂಗ ಬರತೈತಿ? ಕಟ್ಟಿರತಾರಲ್ಲ."

"ಯಾರ ತಂದ ಬಿಡತಾರ?"

"ಯಾರ ಹಾಕಿರತಾರೋ ಅವರ."

"ನಿಮ್ಮ ತಮ್ಮನ್ನ ಯಾರ ಹಾಕಿದ್ರು?"

ಮಲಕಾರಿ ಬಾಯಿ ತೆರೆದ. ಗುರಪ್ಪನನ್ನು ನೋಡಿದ. ಗುರಪ್ಪ ಕಾಲುವೆಯ ನೀರು ನೋಡಿದ. ಅವತ್ತು ಕಟ್ಟೆಯ ಮೇಲೆ ಅವನೂ ಇದ್ದ.

"ಹತ್ತ ದಿನಾ ಅಂದಿದ್ದೆ," ಎಂದ ಮಲಕಾರಿ. ದನಿ ಸಣ್ಣದಾಗಿತ್ತು. "ನಾ ಹತ್ತ ದಿನಾ ಅಂದಿದ್ದೆ, ತಾರವ್ವಾ. ಮೂರ ವರ್ಷಾ ಅಂದಿದ್ದಿಲ್ಲ."

"ನೀವು ಹೋಗಿ ಕರಕೊಂಡ ಬರಲಿಲ್ಲ. ತಾವ ಬರತಾರಂತ ನಾವೂ ಕುಂತ್ವಿ."

ಮಲಕಾರಿ ಕೋಲಿನ ತುದಿಯಿಂದ ಮಣ್ಣು ಕೆದಕಿದ. ಆಣೆಯನ್ನು ತಾನೇ ಮಾಡಿಸಿದ್ದ. ಅದನ್ನು ಸುಮ್ಮನೆ ಬಿಟ್ಟುಕೊಟ್ಟರೆ ನಾಳೆ ತನ್ನ ಕೈಯ ಭಂಡಾರಕ್ಕೆ ಯಾರು ಅಂಜುತ್ತಾರೆ? ಬಿಡದೆ ಇದ್ದರೆ ತಮ್ಮ ಊರ ಹೊರಗಿನವನಾಗಿಯೇ ಮಣ್ಣು ಸೇರುತ್ತಾನೆ, ಸಕ್ಕುಬಾಯಿಯ ಬಾಯಲ್ಲಿ ಬ್ಯಾನಿಯವನಾಗಿ ಉಳಿಯುತ್ತಾನೆ.

"ಗುಡಸಲದ ಗ್ವಾಡಿಗೆ ದಿನಾ ಗೀಟ ಹೊಡೀತಿದ್ದನಂತ," ಎಂದ. "ನೋಡೂಣು. ಹತ್ತ ಇದ್ರ ಮನಿಗೆ. ಕಮ್ಮಿ ಇದ್ರ ಮಣ್ಣಿಗೆ. ಆಮ್ಯಾಲ ಯಾರೂ ನನಗೇನ ಅನಬ್ಯಾಡ್ರಿ."

"ಒಳಗ ಕತ್ತಲ ಐತ್ರಿ, ಕಿಡಕಿ ಇಲ್ಲ," ಎಂದಳು ತಾರವ್ವ. "ನಾ ಮುಂದ ಹೋಗಿ ಚಿಮಣಿ ಹಚ್ಚತೀನಿ."

ಅವನ ಮೊಣಕಾಲು ನಿಧಾನ. ಅವಳು ಬೇಗ ಬೇಗ ನಡೆದಳು.

\*

ಒಂದು ಸಲ ಎಣಿಕೆ ಒಂಬತ್ತಕ್ಕೆ ಬಂದಿತ್ತು.

ಎರಡನೆಯ ವರ್ಷದ ಶ್ರಾವಣ. ಅದಕ್ಕೆ ಮುಂಚೆ ಎಷ್ಟು ಸಲ ಎಣಿಕೆ ಮುರಿದಿತ್ತೋ ಅವಳಿಗೆ ನೆನಪಿಲ್ಲ. ಮಳೆಯಲ್ಲಿ ಒಬ್ಬ ದಾರಿಹೋಕ ಗುಡಿಸಲ ಸೂರಿನ ಕೆಳಗೆ ನಿಂತ ಎಂದು ಒಮ್ಮೆ. ಕಂಬಳಿಯ ಮೇಲೆ ಇಲಿ ಓಡಿತೆಂದು ಒಮ್ಮೆ. ಸೊಸೆ ದ್ರೌಪದಿ ಕೂಸು ಹೆತ್ತ ಸುದ್ದಿ ಹೇಳಲು ಕಾಡಸಿದ್ದ ಓಡಿಬಂದು ಹತ್ತಿರ ನಿಂತನೆಂದು ಒಮ್ಮೆ. ಅವತ್ತು ಜಕ್ಕಪ್ಪ ದೂರದಿಂದಲೇ ಕೂಸಿನ ಹೆಸರು ಕೇಳಿಕೊಂಡು, ಇಡೀ ದಿನ ಕುರಿಗಳಿಗೆ ಆ ಹೆಸರು ಹೇಳುತ್ತ ತಿರುಗಾಡಿದ್ದ.

ಆ ಶ್ರಾವಣದಲ್ಲಿ ಮಾತ್ರ ಏನೂ ಅಡ್ಡ ಬರಲಿಲ್ಲ. ತಾರವ್ವ ಮಧ್ಯಾಹ್ನ ಬುತ್ತಿ ತಂದು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದಾಗ ಜಕ್ಕಪ್ಪ ಬಾಗಿಲಲ್ಲಿ ನಿಂತು ನಕ್ಕ. ಎಷ್ಟು ದಿನದ ಮೇಲೆ ನಕ್ಕದ್ದು.

"ನಾಳಿ ಹತ್ತ," ಎಂದ. "ನೀರ ಕಾಸಿ ಇಡ. ಬೆನ್ನ ತಿಕ್ಕಿಸಿಕೊಂಡ ಎಷ್ಟ ದಿನಾ ಆತ."

"ಹೋಳಗಿ ಮಾಡ್ಲ್ಯಾ?"

"ಮಾಡ. ತುಪ್ಪಾ ಭಾಳ ಹಾಕ."

ಅವನು ಬುತ್ತಿ ತೆಗೆದುಕೊಳ್ಳಲು ಬಂದ. ಅವಳು ಹಿಂದೆ ಸರಿಯುವುದನ್ನು ಮರೆತು ನಿಂತಿದ್ದಳು. ಅವನ ಗಡ್ಡದಲ್ಲಿ ಒಂದು ಎಳೆ ಉಣ್ಣೆ ಸಿಕ್ಕಿಕೊಂಡಿತ್ತು. ಕುರಿಯ ಉಣ್ಣೆ ಕತ್ತರಿಸಿದ ದಿನಗಳಲ್ಲಿ ಯಾವಾಗಲೂ ಸಿಕ್ಕಿಕೊಳ್ಳುತ್ತಿತ್ತು. ಮೂವತ್ತು ವರ್ಷ ಅದನ್ನು ಅವಳೇ ತೆಗೆದಿದ್ದಳು. ಕೈ ಚಾಚಿ ತೆಗೆದಳು.

ಜಕ್ಕಪ್ಪ ನಿಂತಲ್ಲೇ ನಿಂತ. ಬಯ್ಯಲಿಲ್ಲ. ಅವಳ ಬೆರಳ ನಡುವಿನ ಉಣ್ಣೆಯನ್ನು ನೋಡಿದ.

"ಮುಟ್ಟಿದ್ಯಲ್ಲ," ಎಂದ. "ನಿನಗೇನರ ಆದ್ರ?" ಆಮೇಲೆ ಒಳಗೆ ಹೋದ.

ಮರುದಿನ, ಮನೆಯಲ್ಲಿ ಕಡಲೆಬೇಳೆ ನೆನೆಹಾಕಿದ್ದ ದ್ರೌಪದಿ, ಮಾವ ಯಾಕೆ ಬರಲಿಲ್ಲ ಎಂದು ಕೇಳಿದಳು. "ಕುರಿ ಸತ್ತೈತಿ," ಎಂದಳು ತಾರವ್ವ. ಇವತ್ತಿನ ತನಕ ಯಾರಿಗೂ ನಿಜ ಹೇಳಿಲ್ಲ. ಅಲ್ಲಿಂದ ಮುಂದೆ ಅವನ ಎಣಿಕೆ ಐದು, ಆರು, ಏಳು. ಏಳು ದಾಟಲೇ ಇಲ್ಲ.

\*

ಗುಡಿಸಲ ಬಾಗಿಲಿನ ತಟ್ಟಿಗೆ ಹೊರಗಿನಿಂದ ಹಗ್ಗ ಕಟ್ಟಿತ್ತು. ಎರಡು ಗಂಟು. ಅದನ್ನು ಬಿಚ್ಚುತ್ತ ತಾರವ್ವ ಯೋಚಿಸಿದಳು: ಎದೆ ಹಿಡಿದುಕೊಂಡು ಸಂಕಟಪಟ್ಟು ಓಡುವ ಮನುಷ್ಯ ಎರಡು ಗಂಟು ಹಾಕಿ ಹೋಗುತ್ತಾನೆಯೇ?

ಚಿಮಣಿ ಹಚ್ಚಿದಳು. ಮಣ್ಣು ಮೆತ್ತಿ ಸಾರಿಸಿದ ಗೋಡೆಯ ತುಂಬ ಸುಣ್ಣದ ಗೀಟುಗಳು. ಎಲೆ ತಂಬಾಕಿಗೆ ಹಚ್ಚುವ ಸುಣ್ಣವನ್ನೇ ಬೆರಳಲ್ಲಿ ತೆಗೆದು ಎಳೆದದ್ದು. ಒಂದು ಸಾಲಿನ ಕೆಳಗೆ ಇನ್ನೊಂದು. ಮೂರು, ಆರು, ಎರಡು, ಐದು. ಇಡೀ ಗೋಡೆ ಮುಗಿದು ಪಕ್ಕದ ಗೋಡೆಗೆ ತಿರುಗಿತ್ತು. ಒಂಬತ್ತು ಗೀಟಿನ ಸಾಲು ಒಂದೇ ಒಂದು. ಅದರ ಮೇಲೆ ಅವಳು ಬೆಳಕು ಹಿಡಿಯಲಿಲ್ಲ.

ಕಡೆಯ ಸಾಲು ಬಾಗಿಲ ಬಳಿ ಇತ್ತು. ಎಣಿಸಿದಳು. ಏಳು. ಬಲಗಡೆಯಿಂದ ಎಣಿಸಿದಳು. ಏಳು.

ಹಾಗಾದರೆ ಯಾಕೆ ಹೊರಟಿದ್ದ? ಕೊಡದಲ್ಲಿ ನೀರು ತುಂಬಿತ್ತು, ನೀರಿಗಲ್ಲ. ಕೋಲು ಮೂಲೆಯಲ್ಲೇ ಇತ್ತು, ತಪ್ಪಿದ ಕುರಿ ಹುಡುಕಲು ಅಲ್ಲ. ಒಲೆಯ ಬೂದಿ ತೆಗೆದು, ನೆಲ ಗುಡಿಸಿ, ಪಾತ್ರೆ ಬೋರಲು ಹಾಕಿದ್ದ. ಎಣಿಕೆ ಸಾಕೆನಿಸಿ ಮನೆಗೆ ಬರುತ್ತಿದ್ದನೇ? ನೋವು ಬಂದು, ಕೂಗಿದರೆ ಕೇಳಿಸುವಷ್ಟು ಹತ್ತಿರಕ್ಕೆ ಬರೋಣ ಎಂದಿದ್ದನೇ? ಅಥವಾ ಮೂರು ವರ್ಷದಿಂದ ದಿನಾ ಅಷ್ಟು ದೂರ ಬಂದು ಯಾರಿಗೂ ಕಾಣದಂತೆ ತಿರುಗಿ ಹೋಗುತ್ತಿದ್ದನೇ? ಯಾವುದನ್ನು ಹಿಡಿದರೂ ಇನ್ನೊಂದು ಅಡ್ಡ ನಿಲ್ಲುತ್ತಿತ್ತು. ಕೇಳೋಣವೆಂದರೆ ಅವನು ಏರಿಯ ಮೇಲೆ ಮಲಗಿದ್ದ.

ಹೊರಗೆ ಮಲಕಾರಿಯ ಕೋಲಿನ ಸದ್ದು ಕೇಳಿಸಿತು. ಕಲ್ಲಿನ ಬಳಿ ಬಂದು, ನಿಂತು, ಉಸಿರು ತೆಗೆದುಕೊಳ್ಳುತ್ತಿದ್ದ.

ಜಕ್ಕಪ್ಪನ ತಂಬಾಕಿನ ಚಂಚಿ ಗೂಟಕ್ಕೆ ತೂಗುಹಾಕಿತ್ತು. ತಾರವ್ವ ಅದನ್ನು ತೆಗೆದಳು. ಸುಣ್ಣದ ಡಬ್ಬಿ ಬಿಚ್ಚಿದಳು. ಮೇಲೆ ಒಣಗಿತ್ತು, ಕೊಡದ ನೀರು ಎರಡು ಹನಿ ಬಿಟ್ಟು ಬೆರಳಿನಿಂದ ಕಲಸಿದಳು. ಏಳನೆಯದರ ಪಕ್ಕ ಒಂದು ಎಳೆದಳು. ಇನ್ನೊಂದು. ಮೂರನೆಯದನ್ನು ಎಳೆಯುವಾಗ ಅವಸರಕ್ಕೆ ಗೀಟು ಸೊಟ್ಟಾಯಿತು. ಸರಿ ಮಾಡಲು ಹೊತ್ತಿರಲಿಲ್ಲ. ಚಂಚಿಯನ್ನು ಗೂಟಕ್ಕೆ ಹಾಕಿ, ಬೆರಳನ್ನು ಸೀರೆಯ ನೆರಿಗೆಯಲ್ಲಿ ಒರೆಸಿಕೊಂಡು, ಚಿಮಣಿ ಎತ್ತಿ ಹಿಡಿದಳು.

ಮಲಕಾರಿ ಬಗ್ಗಿ ಒಳಗೆ ಬಂದ. ಮೊದಲು ಇಡೀ ಗೋಡೆಯನ್ನು ನೋಡಿದ. ಒಂದು ಗೋಡೆ, ಇನ್ನೊಂದು ಗೋಡೆ. ಅವನೂ ಈ ಗುಡಿಸಲ ಒಳಗೆ ಬಂದದ್ದು ಇವತ್ತೇ.

"ಯಾವದ ಕಡೀದು?"

ತೋರಿಸಿದಳು. ಅವನು ಕೋಲಿನ ತುದಿಯಿಂದ ಒಂದೊಂದಾಗಿ ಮುಟ್ಟುತ್ತ ಎಣಿಸಿದ. "ಒಂದ... ಎರಡ... ಮೂರ..." ಏಳರ ತನಕ ದನಿ ಗಟ್ಟಿಯಾಗಿತ್ತು. ಎಂಟಕ್ಕೆ ಕೋಲು ನಿಂತಿತು. ಮುಖ ಹತ್ತಿರ ತಂದ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ತೋರುಬೆರಳನ್ನು ಎಂಟನೆಯ ಗೀಟಿನ ಮೇಲೆ ಇಟ್ಟು ಎಳೆದ.

ಬೆರಳಿಗೆ ಹಸಿ ಸುಣ್ಣ ಹತ್ತಿತು.

ತಾರವ್ವ ಚಿಮಣಿಯ ಬುಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಲಕಾರಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಅವಳ ಕಡೆ ನೋಡಲಿಲ್ಲ. ಸೊಂಟದಿಂದ ತನ್ನ ಚಂಚಿ ತೆಗೆದ. ಎಡ ಅಂಗೈಗೆ ಒಂದಿಷ್ಟು ತಂಬಾಕು ಸುರುವಿಕೊಂಡ. ಸುಣ್ಣ ಹತ್ತಿದ ಆ ಬೆರಳಿನಿಂದಲೇ ಅದನ್ನು ತಿಕ್ಕಿದ, ನಿಧಾನವಾಗಿ, ಬಿಳಿ ಪೂರ್ತಿ ಹೋಗುವ ತನಕ. ತಟ್ಟಿ ಧೂಳು ಹಾರಿಸಿ, ಕೆಳದುಟಿಯ ಒಳಗೆ ಇಟ್ಟುಕೊಂಡ.

ಆಮೇಲೆ ಹೊರಗೆ ಹೋಗಿ ಕಲ್ಲಿನ ಮೇಲೆ ಹತ್ತಿ ನಿಂತು, ಏರಿಯ ಕಡೆ ಕೂಗಿದ.

"ಹತ್ತ ಅದಾವೋ! ನಾ ಎಣಿಸೀನಿ. ಬರೋಬ್ಬರಿ ಹತ್ತ ಅದಾವ. ಮನಿಗೆ ಒಯ್ರಿ!"

\*

ಮನೆಯ ಮುಂದೆ ಬಂದ ಮೇಲೆ ಮತ್ತೆ ನಿಂತರು.

"ಈಗೇನ ಆತೋ?" ಎಂದ ಮಲಕಾರಿ.

"ಹೆಣಾ ಹೊರಗ ಒಯ್ಯೂದು ಗೊತ್ತೈತ್ರಿ," ಎಂದ ಗುರಪ್ಪ. "ಒಳಗ ತರೂದು ಹ್ಯಾಂಗ? ತಲಿ ಮುಂದ ಮಾಡಿ ತರಬೇಕೋ, ಕಾಲ ಮುಂದ ಮಾಡಿ ತರಬೇಕೋ?"

ಯಾರೂ ಕಂಡಿರಲಿಲ್ಲ. ಹಿರಿಯರು ಮಲಕಾರಿಯನ್ನು ನೋಡಿದರು, ಮಲಕಾರಿ ಹಿರಿಯರನ್ನು ನೋಡಿದ. ಒಬ್ಬರು ತಲೆ ಎಂದರು. ಇನ್ನೊಬ್ಬರು, ಹೊರಗೆ ಒಯ್ಯುವುದಕ್ಕೆ ಉಲ್ಟಾ ಆಗಬೇಕಲ್ಲ ಎಂದು ಲೆಕ್ಕ ಹಾಕಿ, ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಹೊರಸು ಹೆಗಲ ಮೇಲೆಯೇ ಇತ್ತು.

"ನಡಕೊಂಡ ಬರಾಂವಂದು ಯಾವದು ಮೊದಲ ಒಳಗ ಬರತೈತಿ?" ಎಂದಳು ಸಕ್ಕುಬಾಯಿ ಹಿಂದಿನಿಂದ. "ಕಾಲ ಅಲ್ಲೇನ? ಇಷ್ಟ ಗಂಡಸ್ರದೀರಿ, ಇಷ್ಟ ತಿಳ್ಯಾಂಗಿಲ್ಲ."

ಹೊರಸು ತಿರುಗಿಸಿದರು. ಕಾಲು ಮುಂದಾಯಿತು. ಕಾಡಸಿದ್ದ ಹೊರಸಿನ ಮುಂದಿನ ಬಲಗಾಲಿಗೆ ಹೆಗಲು ಕೊಟ್ಟ. ಬಾಗಿಲ ಹತ್ತಿರ ಬರುವ ಹೊತ್ತಿಗೆ ತಾರವ್ವ ಒಳಗಿನಿಂದ ಹೊಸ್ತಿಲಿಗೆ ಬಂದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ರೊಟ್ಟಿಯ ಚೂರು.

"ಇದೇನ ಬೇ?" ಎಂದ ಗುರಪ್ಪ. "ಅದು ದವಾಖಾನಿಯಿಂದ ಆರಾಮಾಗಿ ಬಂದವರಿಗೆ ಮಾಡೂದು."

"ಹತ್ತ ದಿನಾ ತುಂಬಿಸಿ ಬಂದಾರ," ಎಂದಳು ತಾರವ್ವ. "ಸೊಂಟದ ತನಕಾ ಇಳಸ್ರಿ. ನೆಲಕ್ಕ ಇಡಬ್ಯಾಡ್ರಿ."

ಇಳಿಸಬೇಕೋ ಬೇಡವೋ ಎಂದು ನಾಲ್ವರೂ ಮಲಕಾರಿಯ ಕಡೆ ನೋಡಿದರು. ಅವನು ತಂಬಾಕು ಉಗುಳಿ, ಆಗಲಿ ಎನ್ನುವಂತೆ ತಲೆಯಾಡಿಸಿದ. ಹಿಂದಿನ ಇಬ್ಬರು ಸೊಂಟಕ್ಕೆ ಇಳಿಸಿದರು. ಮುಂದೆ ಜಾಗ ಇಕ್ಕಟ್ಟಾಗಿದ್ದರಿಂದ ಜೊತೆಯವನು ಬದಿಗೆ ಸರಿದು ಸೊಂಟಕ್ಕೆ ಹಿಡಿದ, ಕಾಡಸಿದ್ದ ಮೊಣಕಾಲೂರಿ ಕುಳಿತು, ಹೊರಸನ್ನು ಹೆಗಲ ಮೇಲೆಯೇ ಹಿಡಿದ.

ತಾರವ್ವ ರೊಟ್ಟಿಯ ಚೂರನ್ನು ಗಂಡನ ಮುಖದಿಂದ ಕಾಲಿನ ತನಕ ಮೂರು ಸಲ ನಿವಾಳಿಸಿ ಓಣಿಗೆ ಒಗೆದಳು. ಕಂಬಳಿ ಸರಿಸಿದಳು. ಎರಡೂ ಪಾದಗಳ ಮೇಲೆ ನೀರು ಬಿಟ್ಟಳು. ಆಮೇಲೆ ತಂಬಿಗೆ ಕೆಳಗಿಟ್ಟು, ಬರಿಗೈಯಿಂದ ತಿಕ್ಕತೊಡಗಿದಳು. ಹಿಮ್ಮಡಿಯ ಬಿರುಕು, ಬೆರಳ ಸಂದಿ, ಉಗುರಿನ ಬುಡದ ಕುರಿಹಿಕ್ಕೆ, ಏರಿಯ ಕೆಂಪು ಮಣ್ಣು.

"ದ್ರೌಪದಿ, ಇನ್ನೊಂದ ತಂಬಗಿ ತಾ."

ದ್ರೌಪದಿ ತಂದಳು. ಅದೂ ಮುಗಿಯಿತು. ಇನ್ನೊಂದು ತಂದಳು. ಹಿಂದೆ ಹಿಡಿದವರು ಕೈ ಬದಲಿಸಿ ಹಿಡಿದರು. ನೀರು ಹೊರಸಿನ ಹಗ್ಗಗಳ ನಡುವಿನಿಂದ ಇಳಿದು ಕಾಡಸಿದ್ದನ ತಲೆಗೆ, ತಲೆಯಿಂದ ಹುಬ್ಬಿಗೆ, ಕಣ್ಣಿಗೆ ಬೀಳುತ್ತಿತ್ತು. ಅವನ ಎರಡೂ ಕೈ ಹೊರಸಿನ ಕಾಲನ್ನು ಹಿಡಿದಿದ್ದವು. ಕೆಂಪು ನೀರು ತುಟಿಯ ತನಕ ಬಂದಾಗ ಅವನು ಬಾಯಿ ತೆರೆದ.